ಜೋಳದ ದಂಟಿನ ಡೇರೆ

“ಸರ್, ಈ ಪಟ್ಟಿ ಸುಳ್ಳು ಹೇಳ್ತದೇನ್ರೀ?” ಎಂದು ದಾಕ್ಷಾಯಣಿ ಕೇಳಿದಳು.

ಕಲ್ಲಿನಾಥ ಮಾಸ್ತರರು ಚಹಾದ ಲೋಟ ಕೆಳಗಿಟ್ಟರು. ಅವರು ಮೂವತ್ತೆರಡು ವರ್ಷ ವಿದ್ಯುತ್ ಜಾಲದ ಲೆಕ್ಕ ಮಾಡಿ ನಿವೃತ್ತರಾದವರು. ನಿವೃತ್ತಿಯ ಮೇಲೂ ವಾರಕ್ಕೆರಡು ದಿನ ಕಚೇರಿಗೆ ಬಂದು ಹೊಸ ಎಂಜಿನಿಯರುಗಳಿಗೆ ಪಾಠ ಹೇಳುತ್ತಿದ್ದರು. ಅದಕ್ಕೇ ಎಲ್ಲರೂ ಅವರನ್ನು ಮಾಸ್ತರರು ಎನ್ನುತ್ತಿದ್ದರು. ದಾಕ್ಷಾಯಣಿ ಅವರ ಶಿಷ್ಯರಲ್ಲಿ ತೀರ ಹೊಸಬಳು. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು.

ಅವಳ ಒಂದು ಕೈಯಲ್ಲಿ ಅಂಕಿಗಳು ತುಂಬಿದ ಹಾಳೆಯಿತ್ತು. ಇನ್ನೊಂದು ಕೈಯಲ್ಲಿ ಮಡಚಿದ ಒಂದು ಪತ್ರವಿತ್ತು.

ಆ ಹಾಳೆ ಏನೆಂಬುದನ್ನು ಮೊದಲು ಹೇಳಬೇಕು. ಇಲ್ಲವಾದರೆ ಮುಂದಿನ ಮಾತು ತಿಳಿಯುವುದಿಲ್ಲ. ವಿದ್ಯುತ್ ಜಾಲ ಎಂದರೆ ಊರೂರಿನ ಉಪಕೇಂದ್ರಗಳು, ಮತ್ತು ಅವುಗಳನ್ನು ಒಂದಕ್ಕೊಂದು ಜೋಡಿಸುವ ತಂತಿಗಳು. ನಿಜವಾದ ಜಾಲದ ಮೇಲೆ ಪ್ರಯೋಗ ಮಾಡುವಂತಿಲ್ಲ. ಕೈ ತಪ್ಪಿದರೆ ಹತ್ತಾರು ಊರು ಕತ್ತಲಾಗುತ್ತದೆ. ಆದ್ದರಿಂದ ಅದೇ ಜಾಲವನ್ನು ಲೆಕ್ಕದ ರೂಪದಲ್ಲಿ ಕಂಪ್ಯೂಟರಿನೊಳಗೆ ಕಟ್ಟಿಟ್ಟಿರುತ್ತಾರೆ. ಆ ಸಾಫ್ಟ್‌ವೇರನ್ನು ಒಂದು ಪ್ರಶ್ನೆ ಕೇಳಬಹುದು: ಇಲ್ಲಿ ಒಂದು ಚೂರು ಬದಲಿಸಿದರೆ ಅಲ್ಲಿ ಎಷ್ಟು ಬದಲಾಗುತ್ತದೆ? ಅದು ಒಂದೊಂದನ್ನೇ ಚೂರು ಅಲುಗಿಸುತ್ತದೆ. ಅಲುಗಿಸುವಾಗ ಉಳಿದವನ್ನೆಲ್ಲ ಇದ್ದಂತೆಯೇ ಇಡುತ್ತದೆ. ಬಂದ ಉತ್ತರಗಳನ್ನು ಸಾಲಾಗಿ ಬರೆದು ಕೊಡುತ್ತದೆ. ಯಾವುದರ ಪರಿಣಾಮ ಹೆಚ್ಚೋ ಅದು ಮೇಲಿನ ಸಾಲು. ಯಾವುದರ ಪರಿಣಾಮ ಏನೂ ಇಲ್ಲವೋ ಅದು ಕೆಳಗಿನ ಸಾಲು. ಇದನ್ನು ಕಚೇರಿಯಲ್ಲಿ ಸೆನ್ಸಿಟಿವಿಟಿ ಪಟ್ಟಿ ಎನ್ನುತ್ತಾರೆ.

ಜಾಲದ ಕಟ್ಟಕಡೆಯ ಉಪಕೇಂದ್ರದಲ್ಲಿ ಮಧ್ಯಾಹ್ನವಾದರೆ ವೋಲ್ಟೇಜ್ ಕುಸಿಯುತ್ತಿತ್ತು. ಕುಸಿದಾಗ ಆ ಊರಿಗೆ ಕುಡಿಯುವ ನೀರೆತ್ತುವ ಪಂಪುಗಳು ನಿಂತುಬಿಡುತ್ತಿದ್ದವು. ಅಲ್ಲಿ ವೋಲ್ಟೇಜನ್ನು ಆರು ಕಿಲೋವೋಲ್ಟ್ ಎತ್ತಬೇಕಿತ್ತು. ಯಾವುದನ್ನು ಎಷ್ಟು ಬದಲಿಸಿದರೆ ಅದು ಏರುತ್ತದೆ ಎಂದು ಹೇಳುವ ಕೆಲಸವನ್ನು ದಾಕ್ಷಾಯಣಿಗೆ ಕೊಟ್ಟಿದ್ದರು. ಸಂಜೆ ನಾಲ್ಕು ಗಂಟೆಗೆ ಸಲಕರಣೆ ಹೊತ್ತ ಲಾರಿ ಹೊರಡಬೇಕಿತ್ತು. ಯಾವ ಸಲಕರಣೆ, ಎಷ್ಟು ಎಂಬುದನ್ನು ಅಷ್ಟರೊಳಗೆ ಅವಳೇ ಬರೆದುಕೊಡಬೇಕಿತ್ತು.

ಪಟ್ಟಿಯ ಮೊದಲ ಸಾಲಿನಲ್ಲಿ ಕೆಪಾಸಿಟರ್ ಇತ್ತು. ಕೆಪಾಸಿಟರ್ ಎಂದರೆ ಕುಸಿದ ವೋಲ್ಟೇಜಿಗೆ ಊರುಗೋಲು ಕೊಡುವ ಸಲಕರಣೆ. ಕೊನೆಯ ಉಪಕೇಂದ್ರದಲ್ಲಿ ಅದನ್ನು ಒಂದು ಘಟಕ ಕೂಡಿಸಿದರೆ ವೋಲ್ಟೇಜ್ ಒಂದು ಕಿಲೋವೋಲ್ಟಿನ ಹತ್ತರಲ್ಲಿ ಮೂರು ಪಾಲು ಏರುತ್ತದೆ ಎಂದು ಪಟ್ಟಿ ಹೇಳಿತ್ತು. ದಾಕ್ಷಾಯಣಿ ಅದನ್ನು ಇಪ್ಪತ್ತರಿಂದ ಗುಣಿಸಿದಳು. ಸರಿಯಾಗಿ ಆರು ಬಂತು. ಸಂತೋಷಪಟ್ಟಳು. ಕಳಿಸುವ ಮುನ್ನ ಒಮ್ಮೆ ನೋಡೋಣವೆಂದು ಸಾಫ್ಟ್‌ವೇರಿನಲ್ಲಿ ಇಪ್ಪತ್ತು ಘಟಕವನ್ನೂ ಕೂಡಿಸಿ ಪೂರ್ತಿ ಲೆಕ್ಕ ಓಡಿಸಿದಳು. ಏರಿದ್ದು ನಾಲ್ಕೇ. ಅಷ್ಟರಲ್ಲೇ ಪಕ್ಕದ ಉಪಕೇಂದ್ರದ ವೋಲ್ಟೇಜ್ ಮಿತಿ ಮೀರಿ ಕುಳಿತಿತ್ತು. ಮೂರು ಸಲ ಓಡಿಸಿದಳು. ಮೂರು ಸಲವೂ ಅಷ್ಟೇ.

“ಒಂದೇ ಸಾಫ್ಟ್‌ವೇರ್ ರೀ ಸರ್,” ಎಂದಳು. “ಪಟ್ಟಿಯೊಳಗ ಒಂದು ಹೇಳ್ತದ, ಲೆಕ್ಕದೊಳಗ ಇನ್ನೊಂದು ಹೇಳ್ತದ. ಯಾವುದನ್ನ ನಂಬಬೇಕ್ರೀ?”

“ಆ ಪತ್ರ ಏನು?”

ಅವಳು ತಲೆ ತಗ್ಗಿಸಿದಳು. “ಈ ಕೆಲಸ ನನ್ನಿಂದ ಆಗೂದಿಲ್ಲ ಅಂತ ಬರದೀನ್ರೀ.”

“ಬರದದ್ದು ಎಲ್ಲೂ ಓಡಿಹೋಗೂದಿಲ್ಲ. ಈಗ ಹನ್ನೆರಡು. ಕೂಡು ತಂಗಿ, ಒಂದು ಕತಿ ಹೇಳ್ತೀನಿ,” ಎಂದರು ಮಾಸ್ತರರು. ದಾಕ್ಷಾಯಣಿ ಕುಳಿತಳು. ಅವರು ಹೇಳಿದ ಕತೆ ಇದು.

ಒಂದೂರಿನಲ್ಲಿ ಒಬ್ಬ ಡೇರೆಯವನಿದ್ದ. ಡೇರೆ ಹೊಲಿಯುವುದು, ಹೊತ್ತೊಯ್ಯುವುದು, ಬಯಲಿನಲ್ಲಿ ಅದನ್ನು ಎತ್ತಿ ಕಟ್ಟುವುದು ಅವನ ಕಸುಬು. ಅವನ ಅಪ್ಪನೂ ಅದನ್ನೇ ಮಾಡಿದ್ದ. ಅಪ್ಪನಿಂದ ಅವನಿಗೆ ಎರಡು ಬಂದಿದ್ದವು. ಒಂದು ದೊಡ್ಡ ಡೇರೆ, ಇನ್ನೊಂದು ಮಾತು. ಮಾತು ಏನೆಂದರೆ, ‘ವಾಲಿದ ಕಂಬಕ್ಕೆ ಎದುರು ಹಗ್ಗ.’ ಕಂಬ ಮೂಡಲಿಗೆ ವಾಲಿದರೆ ಪಡುವಲ ಹಗ್ಗ ಎಳೆ, ಪಡುವಲಿಗೆ ವಾಲಿದರೆ ಮೂಡಲ ಹಗ್ಗ ಎಳೆ ಎಂದು ಅದರ ಅರ್ಥ. ಡೇರೆಯವರೆಲ್ಲ ಇದನ್ನೇ ನಂಬಿ ಬದುಕಿದ್ದರು.

ಒಮ್ಮೆ ಒಬ್ಬ ವೈದ್ಯ ಆ ಊರ ಬಯಲಿನಲ್ಲಿ ಕಣ್ಣಿನ ಶಿಬಿರ ಮಾಡಿದ. ಡೇರೆಯವನು ಡೇರೆ ಕಟ್ಟಿಕೊಟ್ಟ. ಡೇರೆಗೆ ನಡುವೆ ಒಂದು ಎತ್ತರದ ಕಂಬ. ಸುತ್ತ ಎಂಟು ದಿಕ್ಕಿಗೆ ಎಂಟು ಗಿಡ್ಡ ಕಂಬ. ಒಂದೊಂದು ಗಿಡ್ಡ ಕಂಬದಿಂದ ಒಂದೊಂದು ಹಗ್ಗ ನೆಲದ ಗೂಟಕ್ಕೆ. ಇಷ್ಟೇ. ಆದರೆ ಎಲ್ಲಕ್ಕೂ ಮೇಲೆ ಒಂದೇ ಬಟ್ಟೆ ಹಾಸಿರುವುದರಿಂದ, ಯಾವ ಹಗ್ಗ ಮುಟ್ಟಿದರೂ ಎಲ್ಲ ಕಂಬಗಳಿಗೂ ಸುದ್ದಿ ಹೋಗುತ್ತದೆ.

ವೈದ್ಯ ನಲವತ್ತು ಜನರ ಕಣ್ಣು ಕೊಯ್ದು, ಔಷಧ ಹಾಕಿ, ಬಟ್ಟೆ ಕಟ್ಟಿ, ಡೇರೆಯೊಳಗೆ ಸಾಲಾಗಿ ಮಲಗಿಸಿದ. ಮರುದಿನ ಬೆಳಗಿನಿಂದ ಪಡುವಲ ಗಾಳಿ ಎದ್ದಿತು. ನಡುಗಂಬ ಮೂಡಲಿಗೆ ವಾಲಿತು.

ಡೇರೆಯವನು ಕಂಬದ ತುದಿಯಿಂದ ಒಂದು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟ. ಕಂಬ ನೆಟ್ಟಗಿದ್ದರೆ ಕಲ್ಲು ಬುಡಕ್ಕೆ ತಾಗಿ ನಿಲ್ಲಬೇಕು. ಅದು ಬುಡದಿಂದ ನಾಲ್ಕು ಬೆರಳು ಆಚೆ ನಿಂತಿತು. ಐದು ದಾಟಿದರೆ ಬುಡವೇ ನೆಟ್ಟ ಕುಳಿಯಿಂದ ಮೇಲೇಳುತ್ತದೆ. ಅದು ಅವನಿಗೆ ಗೊತ್ತಿತ್ತು. ವೈದ್ಯನಿಗೂ ಹೇಳಿದ.

“ಇವರನ್ನ ಹೊರಗ ಸಾಗಿಸಾಕ ಆಗತೈತೇನ್ರೀ?” ಎಂದು ಕೇಳಿದ.

“ನಾಳೆ ಬೆಳಿಗ್ಗೆ ಕಟ್ಟು ಬಿಚ್ಚುವವರೆಗೆ ಒಬ್ಬರೂ ತಲೆ ಅಲುಗಿಸುವಂತಿಲ್ಲ,” ಎಂದ ವೈದ್ಯ. “ಅಲುಗಿದರೆ ಹೊಲಿಗೆ ಬಿಚ್ಚುತ್ತದೆ. ಹೊಲಿಗೆ ಬಿಚ್ಚಿದರೆ ಕಣ್ಣು ಹೋಯಿತು. ನಿನ್ನ ಡೇರೆ ಇವತ್ತೊಂದು ದಿನ ನಿಂತರೆ ಸಾಕು.”

ಡೇರೆಯವನು ಸಾಲಾಗಿ ಮಲಗಿದವರತ್ತ ನೋಡಿದ. ಕಣ್ಣು ಕಟ್ಟಿಕೊಂಡವರು ಓಡಲಾರರು. ಓಡಿದರೂ ಕಣ್ಣು ಹೋಗುತ್ತದೆ. ಓಡದಿದ್ದರೆ ಕಂಬ ಮೇಲೆ ಬೀಳುತ್ತದೆ.

ನಡುಗಂಬದ ಪಕ್ಕದಲ್ಲೇ ಒಬ್ಬ ಮುದುಕಿ ಮಲಗಿದ್ದಳು. ಅವಳು ಕೂಗಿ ಕೇಳಿದಳು.

“ಯಾರಪ್ಪಾ ಅಲ್ಲಿ, ಡೇರೇದಾಂವ ಏನು? ನನ್ನ ಕಣ್ಣು ಕಟ್ಟ್ಯಾರ, ಕಿವಿ ಕಟ್ಟಿಲ್ಲ. ಈ ಕಂಬ ನಸುಕಿನಿಂದ ನರಳಾಕತ್ತೈತಿ.”

“ಏನಿಲ್ಲ ಆಯಿ. ಗಾಳಿ.”

“ಗಾಳಿ ಸುಯ್ಯಂತೈತಿ. ನರಳೂದು ಕಟ್ಟಿಗಿ. ಎಂಬತ್ತು ವರ್ಷ ಆತು, ಎರಡರ ವ್ಯತ್ಯಾಸ ಗೊತ್ತಾಗೂದಿಲ್ಲೇನು ನನಗ?”

ಅವನು ಹೊರಗೆ ಬಂದು ಅಪ್ಪನ ಮಾತಿನಂತೆ ಎದುರು ಹಗ್ಗಕ್ಕೆ ಹೋದ. ಅವನ ಹೆಂಡತಿಯ ತಮ್ಮ ಕೆಲಸಕ್ಕೆ ಜೊತೆಗಿದ್ದ. ಇಬ್ಬರೂ ಸೇರಿ ಪಡುವಲ ಹಗ್ಗವನ್ನು ಮೆಲ್ಲಗೆ ಎರಡು ಬೆರಳು ಎಳೆದರು. ಕಂಬ ಅಲುಗಲಿಲ್ಲ. ಬದಲಿಗೆ ಪಡುವಲ ಗಿಡ್ಡ ಕಂಬ ಹೊರಕ್ಕೆ ಬಾಗಿತು. ಎಲ್ಲೋ ಒಂದು ಹೊಲಿಗೆ ಪಟ್ ಎಂದಿತು. ಡೇರೆಯವನು ಗಾಬರಿಯಾಗಿ ಎರಡು ಬೆರಳನ್ನೂ ಮರಳಿ ಸಡಿಲಿಸಿದ.

ಹೀಗೇಕಾಯಿತು ಎಂದರೆ, ಪಡುವಲ ಬಟ್ಟೆಗೆ ಹೋದ ವರ್ಷ ತೇಪೆ ಹಾಕಿದ್ದರು. ತೇಪೆಯಲ್ಲಿ ಬಟ್ಟೆ ಜೋಲಾಗಿತ್ತು. ಎಳೆದದ್ದನ್ನೆಲ್ಲ ಜೋಲೇ ನುಂಗಿತು. ಕಂಬದವರೆಗೆ ಏನೂ ಮುಟ್ಟಲಿಲ್ಲ. ಅಪ್ಪನ ಕಾಲದಲ್ಲಿ ಬಟ್ಟೆ ಹೊಸದಿತ್ತು, ಮಾತು ಸರಿಯಾಗಿತ್ತು. ಬಟ್ಟೆ ಬದಲಾಯಿತು, ಮಾತು ಹಾಗೇ ಉಳಿಯಿತು.

“ಮುಂದಿನ ಹಗ್ಗ ಎಳೆಯೂಣೇನು ಮಾವಾ?” ಎಂದು ಮೈದುನ ಕೇಳಿದ.

ಡೇರೆಯವನು ಬೇಡವೆಂದ. ಉಳಿದದ್ದು ಏಳು ಹಗ್ಗ. ಯಾವುದು ಕಂಬವನ್ನು ಎತ್ತುತ್ತದೆ, ಯಾವುದು ಕೆಡವುತ್ತದೆ ಎಂದು ತಿಳಿಯದು. ನಲವತ್ತು ಜನರ ತಲೆಯ ಮೇಲೆ ಪರೀಕ್ಷೆ ಮಾಡುವಂತಿಲ್ಲ. ಅವನು ಡೇರೆಯ ಹಿಂದೆ ಹೋಗಿ ನೆಲದ ಮೇಲೆ ಕುಳಿತ. ಹೆಗಲ ವಸ್ತ್ರ ತೆಗೆದ. ಜೋಳದ ದಂಟು ಮುರಿದು ನಡುವೆ ಒಂದು ಉದ್ದನೆಯದು, ಸುತ್ತ ಎಂಟು ಗಿಡ್ಡನೆಯವು ನೆಟ್ಟ. ಮೇಲೆ ವಸ್ತ್ರ ಹಾಸಿದ. ದಾರಗಳನ್ನು ಕಟ್ಟಿ ಜಾಲಿಮುಳ್ಳನ್ನು ಗೂಟದಂತೆ ಚುಚ್ಚಿದ. ದೊಡ್ಡ ಡೇರೆಗೆ ತೇಪೆ ಹಾಕಿದವನೂ ಕಟ್ಟಿದವನೂ ಅವನೇ. ಅದರ ಗುಣ ದೋಷ ಎಲ್ಲ ಅವನಿಗೆ ಗೊತ್ತು. ಅಲ್ಲಿ ಬಟ್ಟೆ ಜೋಲಿದ್ದಲ್ಲಿ ಇಲ್ಲಿಯೂ ಜೋಲು ಬಿಟ್ಟ. ಅಲ್ಲಿ ಹಗ್ಗ ಬಿಗಿಯಿದ್ದಲ್ಲಿ ಇಲ್ಲಿಯೂ ದಾರ ಬಿಗಿದ. ಗಾಳಿಗೆ ಬದಲಾಗಿ ಪಡುವಲಿನಿಂದ ಒಂದು ಸಣ್ಣ ಮಣ್ಣಿನ ಹೆಂಟೆಯನ್ನು ಬಟ್ಟೆಗೆ ಒರಗಿಸಿದ. ನಡುವಿನ ದಂಟು ಮೂಡಲಿಗೆ ವಾಲಿತು. ದೊಡ್ಡದು ಹೇಗಿತ್ತೋ ಸಣ್ಣದೂ ಹಾಗೇ ನಿಂತಿತು.

ಮೈದುನ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದ.

“ಮಾವಾ, ದೊಡ್ಡದು ಬೀಳಾಕತ್ತೈತಿ, ನೀ ಸಣ್ಣದು ಕಟ್ಟಾಕತ್ತೀ. ಗೊಂಬಿ ಮದುವಿ ಮಾಡೂದೈತೇನು?”

“ಸುಮ್ಮನ ಒಂದು ಹಿಡಿ ಜೋಳ ತಗೊಂಡು ಬಾರಲೇ.”

“ಊಟಾನೂ ಹಾಕಸ್ತೀ? ಹಂಗಾರ ಗೊಂಬಿ ಬೀಗರೂ ಬರ್ತಾರ.”

ಬೈದುಕೊಂಡೇ ಹೋದ, ಜೋಳ ತಂದ.

ಇಲ್ಲಿಯವರೆಗೆ ಕೇಳಿದ ದಾಕ್ಷಾಯಣಿ ಮಾಸ್ತರರನ್ನು ತಡೆದಳು. “ಸರ್, ಸಣ್ಣ ಡೇರೆ ಅಂದ್ರ ನಮ್ಮ ಸಾಫ್ಟ್‌ವೇರ್ ಏನ್ರೀ?”

“ಮೊದಲ ಕತಿ ಕೇಳವ್ವಾ,” ಎಂದರು ಮಾಸ್ತರರು. “ಊಟ ಬಡಸೂದರೊಳಗ ಕೈ ತೊಳಕೊಂಡ್ರ ಹೆಂಗ?” ಮತ್ತೆ ಮುಂದುವರಿಸಿದರು.

ಡೇರೆಯವನು ಜೋಳದ ಕಾಳನ್ನು ಅಳತೆ ಮಾಡಿಕೊಂಡ. ಸಣ್ಣ ಡೇರೆಯ ಒಂದು ಕಾಳು ದೊಡ್ಡ ಡೇರೆಯ ಒಂದು ಬೆರಳು ಎಂದು ಲೆಕ್ಕ ಹಾಕಿದ. ಒಂದು ದಾರವನ್ನು ಒಂದೇ ಕಾಳಿನಷ್ಟು ಎಳೆಯುವನು. ಉಳಿದ ಏಳನ್ನು ಮುಟ್ಟುವುದಿಲ್ಲ. ನಡುವಿನ ದಂಟು ಎಷ್ಟು ಸರಿಯಿತು ಎಂದು ನೋಡುವನು. ಗಿಡ್ಡ ದಂಟುಗಳು ಏನಾದವು ಎಂದೂ ನೋಡುವನು. ಬಳಿಕ ದಾರವನ್ನು ಮೊದಲಿನಂತೆ ಮಾಡಿ ಇನ್ನೊಂದಕ್ಕೆ ಹೋಗುವನು. ಎಳೆದು ನೋಡಿದಂತೆ ಸಡಿಲಿಸಿಯೂ ನೋಡಿದ. ಏಕೆಂದರೆ ಕಂಬ ವಾಲುವುದಕ್ಕೆ ಬಿಗಿ ಸಾಲದಿರುವುದೇ ಕಾರಣವೆಂದು ಯಾರು ಹೇಳಿದರು? ಬಿಗಿ ಹೆಚ್ಚಾಗಿಯೂ ವಾಲಬಹುದು.

ಪಡುವಲ ದಾರ ಎಳೆದ. ಏನೂ ಆಗಲಿಲ್ಲ. ಬಡಗಣದ್ದು, ಏನೂ ಇಲ್ಲ. ತೆಂಕಣದ್ದು, ಏನೂ ಇಲ್ಲ. ನೈಋತ್ಯದ್ದು, ಅಲುಗಿತೋ ಇಲ್ಲವೋ ಎಂಬಷ್ಟು. ಈಶಾನ್ಯದ ದಾರವನ್ನು ಎಳೆದಾಗ ದಂಟು ಇನ್ನಷ್ಟು ವಾಲಿತು. ಅದನ್ನೇ ಒಂದು ಕಾಳು ಸಡಿಲಿಸಿದ. ದಂಟು ಅರ್ಧ ಕಾಳು ನೆಟ್ಟಗಾಯಿತು.

ಡೇರೆಯವನಿಗೆ ನೆನಪಾಯಿತು. ವೈದ್ಯನ ಮೇಜಿಗೆ ಬಿಸಿಲು ಬೀಳಬಾರದೆಂದು ಈಶಾನ್ಯದ ಹಗ್ಗವನ್ನು ಅವನೇ ಬಿಗಿಯಾಗಿ ಕೆಳಗೆಳೆದು ಕಟ್ಟಿದ್ದ. ಗಾಳಿ ಕಂಬವನ್ನು ನೂಕುತ್ತಿತ್ತು, ಆ ಹಗ್ಗ ಅತ್ತಲೇ ಜಗ್ಗುತ್ತಿತ್ತು. ಎಂಟು ಹಗ್ಗದಲ್ಲಿ ಒಂದು ಸಿಕ್ಕಿತು. ಅವನ ಎದೆಯ ಭಾರ ಅರ್ಧ ಇಳಿಯಿತು.

ಆಮೇಲೆ ಅವನು ಲೆಕ್ಕ ಹಾಕಿದ. ಒಂದು ಬೆರಳು ಸಡಿಲಿಸಿದರೆ ಕಂಬ ಅರ್ಧ ಬೆರಳು ಏಳುತ್ತದೆ. ಏಳಬೇಕಾದದ್ದು ನಾಲ್ಕು ಬೆರಳು. ಹಾಗಾದರೆ ಎಂಟು ಬೆರಳು ಸಡಿಲಿಸಿದರೆ ಮುಗಿಯಿತು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಯಾರು ಹಾಕಿದರೂ ಅಷ್ಟೇ ಬರುತ್ತದೆ.

ಮೈದುನನನ್ನು ಈಶಾನ್ಯದ ಗೂಟದ ಬಳಿ ನಿಲ್ಲಿಸಿದ. ತಾನು ಒಳಗೆ ಇಳಿಬಿಟ್ಟ ಕಲ್ಲಿನ ಬಳಿ ಕುಳಿತ. ಮುದುಕಿ ಅವನ ಉಸಿರು ಕೇಳಿ ಕೈಚಾಚಿ ಕಂಬದ ಬುಡ ಹಿಡಿದಳು. ತಲೆ ಮಾತ್ರ ಅಲುಗಿಸಲಿಲ್ಲ.

“ಮಾಡ್ರಿ ಏನು ಮಾಡ್ತೀರಿ,” ಎಂದಳು. “ನಾ ಇದರ ನಾಡಿ ಹಿಡಕೊಂಡೀನಿ.”

“ಎಂಟು ಬೆರಳು ಸಡಿಲ ಬಿಡು, ಮೆಲ್ಲಕ,” ಎಂದು ಅವನು ಕೂಗಿದ.

ಒಂದು ಬೆರಳು ಬಿಟ್ಟಾಗ ಕಲ್ಲು ಅರ್ಧ ಬೆರಳು ಬುಡದ ಕಡೆ ಬಂತು. ಎರಡು ಬಿಟ್ಟಾಗ ಒಂದು. ಮೂರು ಬಿಟ್ಟಾಗ ಒಂದೂವರೆ. ಲೆಕ್ಕ ನೂಲು ಹಿಡಿದಂತೆ ನಡೆದಿತ್ತು. ನಾಲ್ಕು ಬಿಟ್ಟಾಗ ಕಲ್ಲು ಅಲ್ಲೇ ನಿಂತಿತು. ಐದು ಬಿಟ್ಟಾಗ ಈಶಾನ್ಯದ ಬಟ್ಟೆ ರೆಕ್ಕೆಯಂತೆ ಬಡಿಯತೊಡಗಿತು. ಗಾಳಿ ಒಳಗೆ ನುಗ್ಗಿತು. ಕಂಬ ತೂಗಿತು. ಮಲಗಿದವರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗತೊಡಗಿದರು.

“ನಿಲ್ಲಸೋ!” ಎಂದಳು ಮುದುಕಿ. “ಈಗಿಂದು ಬ್ಯಾರೆ ಸಪ್ಪಳ.”

“ಎರಡು ಬೆರಳು ಹಿಂದಕ್ಕ ಬಿಗಿ!” ಎಂದು ಡೇರೆಯವನು ಕೂಗಿದ. ಮೈದುನ ಬಿಗಿದ. ಬಟ್ಟೆಯ ಬಡಿತ ನಿಂತಿತು. ಕಂಬ ಎರಡೂವರೆ ಬೆರಳಿನ ವಾಲಿನಲ್ಲಿ ನಿಂತುಕೊಂಡಿತು. ವೈದ್ಯ ಸಾಲಿನಿಂದ ಸಾಲಿಗೆ ಓಡಾಡಿ, “ಏನೂ ಆಗಿಲ್ಲ, ಮಲಗಿರಿ, ತಲೆ ಅಲುಗಿಸಬೇಡಿ” ಎಂದು ಎಲ್ಲರ ಹಣೆ ಮುಟ್ಟಿ ಹೇಳಿದ.

ಡೇರೆಯವನು ಹಿಂದಕ್ಕೆ ಹೋದ. ಸಣ್ಣ ಡೇರೆ ಅಲ್ಲೇ ನಿಂತಿತ್ತು. ಅದನ್ನು ನೋಡಿ ಅವನಿಗೆ ಸಿಟ್ಟು ಬಂತು. ಅದು ಅರ್ಧ ಎಂದಿತ್ತು. ಅವನು ನಂಬಿದ. ಅದು ನಲವತ್ತು ಜನರನ್ನು ಕೊಲ್ಲಿಸುವುದರಲ್ಲಿತ್ತು. ಒದೆಯಲು ಕಾಲೆತ್ತಿದ.

“ಒದಿ ಮಾವಾ, ಒದಿ,” ಎಂದ ಮೈದುನ. “ಇದೊಂದಾದ್ರೂ ನಮ್ಮ ಕೈಲೆ ಬೀಳಲಿ.”

ಎತ್ತಿದ ಕಾಲು ಅಲ್ಲೇ ನಿಂತಿತು. ಅವನ ಕಣ್ಣು ಈಶಾನ್ಯದ ದಾರದ ಮೇಲೆ ಬಿದ್ದಿತ್ತು. ಸಣ್ಣ ಡೇರೆಯಲ್ಲಿ ಆ ದಾರ ಇನ್ನೂ ಬೆಳಗಿನಂತೆ ಬಿಗಿಯಾಗಿತ್ತು. ದೊಡ್ಡ ಡೇರೆಯಲ್ಲಿ ಅದೇ ಹಗ್ಗ ಈಗ ಮೂರು ಬೆರಳು ಸಡಿಲವಾಗಿತ್ತು. ಎರಡೂ ಈಗ ಒಂದೇ ಡೇರೆಯಾಗಿ ಉಳಿದಿರಲಿಲ್ಲ. ಅವನು ಬೆಳಗಿನ ಡೇರೆಯನ್ನು ಮಧ್ಯಾಹ್ನದ ಪ್ರಶ್ನೆ ಕೇಳುತ್ತಿದ್ದ.

ಅವನು ಕಾಲಿಳಿಸಿ ಕುಳಿತ. ಈಶಾನ್ಯದ ದಾರವನ್ನು ಒಂದು ಕಾಳು ಸಡಿಲಿಸಿದ. ಆಮೇಲೆ ಇನ್ನೊಂದು. ಆಮೇಲೆ ಮತ್ತೊಂದು. ಮೂರರವರೆಗೆ ದಂಟು ಅರ್ಧರ್ಧ ಕಾಳು ಎದ್ದಿತು. ನಾಲ್ಕನೆಯದಕ್ಕೆ ಸುಮ್ಮನೆ ನಿಂತಿತು. ಐದನೆಯದಕ್ಕೆ ವಸ್ತ್ರದ ಮೂಲೆ ಪಟಪಟ ಎಂದಿತು. ದೊಡ್ಡದು ಮಾಡಿದ್ದನ್ನೇ ಸಣ್ಣದೂ ಮಾಡಿತು. ಮೂರು ಕಾಳಿಗೆ ದಾರದ ಬಿಗಿ ತೀರಿಹೋಗುತ್ತಿತ್ತು. ಬಿಗಿಯೇ ಇಲ್ಲದ ದಾರವನ್ನು ಇನ್ನೆಷ್ಟು ಸಡಿಲಿಸಿದರೂ ಕಂಬಕ್ಕೆ ಏನು?

ದಾರವನ್ನು ಮೂರು ಕಾಳಿನ ಸಡಿಲಿಗೆ ತಂದು ನಿಲ್ಲಿಸಿದ. ಈಗ ಎರಡೂ ಡೇರೆ ಮತ್ತೆ ಒಂದೇ ಆದವು. ಎಂಟು ದಾರಗಳನ್ನೂ ಮೊದಲಿನಿಂದ ಒಂದೊಂದು ಕಾಳು ಅಲುಗಿಸಿ ನೋಡಿದ.

“ಮತ್ತ ಮೊದಲಿಂದ?” ಎಂದ ಮೈದುನ. “ಒಮ್ಮೆ ಕೇಳಿದ್ದನ್ನ ಎಷ್ಟು ಸಲ ಕೇಳ್ತೀ ಮಾವಾ?”

“ಅದು ಬದಲಾಗೈತಲೇ. ಬದಲಾದ ಮ್ಯಾಲ ಕೇಳಬೇಕು.”

ಉತ್ತರವೂ ಬದಲಾಗಿತ್ತು. ಮೊದಲ ಸಲ ಮೇಲಿದ್ದ ಈಶಾನ್ಯದ ದಾರ ಈಗ ಏನೂ ಮಾಡುತ್ತಿರಲಿಲ್ಲ. ಅಲುಗಿತೋ ಇಲ್ಲವೋ ಎಂಬಂತಿದ್ದ ನೈಋತ್ಯದ ದಾರ ಈಗ ಒಂದು ಕಾಳಿಗೆ ಮುಕ್ಕಾಲು ಕಾಳು ದಂಟನ್ನು ಎತ್ತುತ್ತಿತ್ತು. ಇದೂ ಅರ್ಥವಾಗದ ಮಾತಲ್ಲ. ಮೊದಲು ಈಶಾನ್ಯದ ಹಗ್ಗ ಬಟ್ಟೆಯನ್ನು ಕಚ್ಚಿ ಹಿಡಿದಿತ್ತು. ನೈಋತ್ಯದ ಹಗ್ಗ ಎಷ್ಟು ಜಗ್ಗಿದರೂ ಅದು ಬಿಡುತ್ತಿರಲಿಲ್ಲ. ಕಚ್ಚಿದವನು ಬಾಯಿ ಬಿಟ್ಟ ಮೇಲೆ ಎಳೆಯುವವನಿಗೆ ಬಲ ಬಂತು.

ಡೇರೆಯವನು ಈ ಸಲ ಗುಣಾಕಾರ ಮಾಡಲಿಲ್ಲ. ದೊಡ್ಡ ಡೇರೆಯಲ್ಲಿ ನೈಋತ್ಯದ ಹಗ್ಗವನ್ನು ಒಂದೇ ಬೆರಳು ಎಳೆಸಿದ. ಒಳಗೆ ಹೋಗಿ ಕಲ್ಲು ನೋಡಿದ. ಮುಕ್ಕಾಲು ಬೆರಳು ಬಂದಿತ್ತು. ಹಿಂದಕ್ಕೆ ಬಂದು ಸಣ್ಣ ಡೇರೆಯನ್ನೂ ಹಾಗೇ ಮಾಡಿದ. ಮತ್ತೆ ಎಂಟೂ ದಾರ ಕೇಳಿದ. ಇನ್ನೂ ನೈಋತ್ಯವೇ ಮೇಲಿತ್ತು, ಆದರೆ ಮುಕ್ಕಾಲು ಅರ್ಧಕ್ಕಿಳಿದಿತ್ತು. ಮತ್ತೆ ಒಂದು ಬೆರಳು. ಮತ್ತೆ ಕಲ್ಲು. ಮತ್ತೆ ಸಣ್ಣ ಡೇರೆ. ಮೂರನೆಯ ಸಲ ತೆಂಕಣದ ದಾರ ಮೇಲಕ್ಕೆ ಬಂತು. ಬೆಳಿಗ್ಗೆ ಅದು ಯಾವ ಲೆಕ್ಕದಲ್ಲೂ ಇರಲಿಲ್ಲ. ಅದನ್ನೂ ಒಂದು ಬೆರಳು ಎಳೆಸಿದ. ಹೀಗೆ ಮೈದುನ ಗೂಟದಿಂದ ಗೂಟಕ್ಕೆ, ಅವನು ಡೇರೆಯಿಂದ ಡೇರೆಗೆ ಓಡಾಡಿದರು.

“ಮಾವಾ, ಒಂದೇ ಸಲ ಎಳದಿದ್ರ ಇಷ್ಟೊತ್ತಿಗೆ ಎರಡು ರೊಟ್ಟಿ ತಿಂದು ಮಲಗಬಹುದಿತ್ತು,” ಎಂದ ಮೈದುನ ಬೆವರೊರೆಸಿಕೊಂಡು.

“ಒಂದೇ ಸಲ ಎಳದಿದ್ವಿ. ಮರತಿಯೇನು?”

ಮೈದುನ ಮುಂದಿನ ಗೂಟಕ್ಕೆ ನಡೆದ.

ಆರನೆಯ ಸಲಕ್ಕೆ ಕಲ್ಲು ಬುಡಕ್ಕೆ ತಾಗಿ ನಿಂತಿತು. ಹೊತ್ತು ಇನ್ನೂ ಮುಳುಗಿರಲಿಲ್ಲ. ಗಾಳಿ ಬೀಸುತ್ತಲೇ ಇತ್ತು. ಡೇರೆ ಅದನ್ನು ಬೆನ್ನಿನ ಮೇಲೆ ಹೊತ್ತು ನಿಂತಿತ್ತು. ಮುದುಕಿ ಕಂಬದ ಬುಡದಿಂದ ಕೈ ತೆಗೆದಳು.

“ನರಳೂದು ಬಿಟ್ಟಿತು,” ಎಂದಳು. “ಇನ್ನ ನನಗ ನಿದ್ದಿ ಬರತೈತಿ. ಯಾರೂ ಎಬ್ಬಿಸಬ್ಯಾಡ್ರಿ.”

ಮರುದಿನ ಬೆಳಿಗ್ಗೆ ವೈದ್ಯ ನಲವತ್ತು ಕಟ್ಟನ್ನೂ ಬಿಚ್ಚಿದ. ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ. ಮುದುಕಿ ಮೊದಲು ತನ್ನ ಬೆರಳು ನೋಡಿಕೊಂಡಳು. ಬಳಿಕ ನಡುಗಂಬವನ್ನು ಬುಡದಿಂದ ತುದಿಯವರೆಗೆ ನೋಡಿದಳು.

“ಇಷ್ಟ ಐತೇನಿದು?” ಎಂದಳು. “ಅದರ ಗೋಳು ಕೇಳಿ ನಾ ಆಲದ ಮರ ಅಂದುಕೊಂಡಿದ್ದೆ.”

ಡೇರೆಯವನು ಮೂರು ದಿನಗಳಲ್ಲಿ ಮೊದಲ ಸಲ ನಕ್ಕ.

ಮಾಸ್ತರರು ಇಲ್ಲಿಗೆ ಕತೆ ನಿಲ್ಲಿಸಿದರು. ಆರಿದ ಚಹಾವನ್ನು ಹಾಗೇ ಕುಡಿದರು.

ದಾಕ್ಷಾಯಣಿ ಎದ್ದು ಕಂಪ್ಯೂಟರಿನ ಮುಂದೆ ಹೋಗಿ ಕುಳಿತಳು. ಇಪ್ಪತ್ತು ಘಟಕವನ್ನು ಅಳಿಸಿದಳು. ಐದೇ ಘಟಕ ಕೂಡಿಸಿ ಪೂರ್ತಿ ಲೆಕ್ಕ ಓಡಿಸಿದಳು. ವೋಲ್ಟೇಜ್ ಹೆಚ್ಚುಕಡಿಮೆ ಪಟ್ಟಿ ಹೇಳಿದಷ್ಟೇ ಏರಿತು. ಆ ಹೊಸ ಸ್ಥಿತಿಯಿಂದ ಹೊಸ ಪಟ್ಟಿ ತೆಗೆಸಿದಳು. ಮೊದಲ ಸಾಲಿನ ಕೆಪಾಸಿಟರ್ ಅಲ್ಲೇ ಇತ್ತು, ಆದರೆ ಅದರ ಅಂಕಿ ಇಳಿದಿತ್ತು. ಇನ್ನೂ ಐದು ಕೂಡಿಸಿ ಮತ್ತೆ ಪಟ್ಟಿ ತೆಗೆಸಿದಳು. ಈ ಸಲ ಒಂಬತ್ತನೇ ಸಾಲಿನಲ್ಲಿದ್ದ, ದೂರದ ಒಂದು ಟ್ರಾನ್ಸ್‌ಫಾರ್ಮರಿನ ಟ್ಯಾಪ್ ಮೇಲಕ್ಕೆ ಬಂದಿತ್ತು. ಟ್ಯಾಪ್ ಎಂದರೆ ಮೆಟ್ಟಿಲು ಮೆಟ್ಟಿಲಾಗಿ ವೋಲ್ಟೇಜ್ ಏರಿಸುವ, ಇಳಿಸುವ ಗುಂಡಿ. ಅದನ್ನು ಒಂದು ಮೆಟ್ಟಿಲು ಸರಿಸಿದಳು. ಮತ್ತೆ ಪಟ್ಟಿ. ಹೀಗೇ ಚೂರು ಚೂರು ಬದಲಿಸುತ್ತ ಇನ್ನೂ ಮೂರು ಘಟಕ ಕೂಡಿಸಿದಳು. ಪ್ರತಿ ಸಲವೂ ಪಕ್ಕದ ಉಪಕೇಂದ್ರ ಮಿತಿಯೊಳಗಿದೆಯೇ ಎಂದು ನೋಡಿದಳು. ಇತ್ತು.

ಮೂರೂಕಾಲಿಗೆ ಕೊನೆಯ ಉಪಕೇಂದ್ರದ ವೋಲ್ಟೇಜ್ ಆರು ಕಿಲೋವೋಲ್ಟ್ ಏರಿ ನಿಂತಿತು. ಯಾವ ಉಪಕೇಂದ್ರವೂ ಕೆಂಪಾಗಲಿಲ್ಲ. ಮಿತಿ ಮೀರಿದ ಉಪಕೇಂದ್ರವನ್ನು ಸಾಫ್ಟ್‌ವೇರ್ ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ಪೂರ್ತಿ ಲೆಕ್ಕವನ್ನು ಅವಳು ಮೂರು ಸಲ ಓಡಿಸಿದಳು. ಮೂರು ಸಲವೂ ಅಷ್ಟೇ ಬಂತು. ಇಪ್ಪತ್ತರ ಬದಲು ಹದಿಮೂರು ಘಟಕ ಸಾಕಾಗಿತ್ತು. ಬರೆದು ಕಳಿಸಿದಳು. ಲಾರಿ ನಾಲ್ಕಕ್ಕೆ ಐದು ನಿಮಿಷವಿರುವಾಗ ಹೊರಟಿತು.

ಅವಳು ಮಾಸ್ತರರ ಬಳಿಗೆ ಬಂದಳು. ಕೈ ಖಾಲಿಯಿತ್ತು. ಮುಖ ಹಗುರವಾಗಿತ್ತು. ಆದರೂ ಒಂದು ಮಾತು ಒಳಗೆ ಮುಳ್ಳಿನಂತೆ ಉಳಿದಿತ್ತು.

“ಸರ್, ಎಲ್ಲಾ ಸರಿಹೋತ್ರೀ. ಆದ್ರ ಬೆಳಿಗ್ಗೆ ಆ ಪಟ್ಟಿ ನನ್ನ ದಾರಿ ತಪ್ಪಿಸಿದ್ದಂತೂ ಖರೇ ಅಲ್ರೀ? ಆರು ಅಂತ ಹೇಳಿ ನಾಲ್ಕಕ್ಕ ನಿಲ್ಲಿಸಿತು.”

ಮಾಸ್ತರರು ಕೋಲು ಹಿಡಿದು ಎದ್ದರು. ಬಾಗಿಲ ಬಳಿ ನಿಂತು ತಿರುಗಿ ನೋಡಿದರು.

“ಒಂದು ಹೆಜ್ಜಿ ದಾರಿ ಕೇಳಿದಾಕಿ ನೀನು; ಊರು ಮುಟ್ಟಲಿಲ್ಲ ಅಂತ ಯಾರನ್ನ ಬಯ್ತೀ ತಂಗಿ?”

ದಾಕ್ಷಾಯಣಿ ಮೇಜಿನ ಮೇಲೆ ಬಿಟ್ಟಿದ್ದ ಬೆಳಗಿನ ಆ ಪತ್ರವನ್ನು ತೆಗೆದು ಹರಿದಳು.